ದುಡಿಯುವವರ ಹೆಸರನ್ನು ದಾಖಲಿಸುವ ಧರ್ಮ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕ ಸಭೆಯಲ್ಲಿ ನುಡಿಯ ಹಿರಿಮೆಯನ್ನು ಕುರಿತೋ ವಿದ್ಯೆಯ ಮಹಿಮೆಯನ್ನು ಕುರಿತೋ ನಾಲ್ಕು ಮಾತುಗಳನ್ನಾಡುವುದು ವಾಡಿಕೆ. ತಾವೂ ಅದನ್ನೇ ನಿರೀಕ್ಷಿಸಿ ಬಂದಿರಬಹುದು. ಆದರೆ ಈ ಸಲ ನಾವು ಆರಿಸಿಕೊಂಡಿರುವ ವಿಷಯ ಕೇಳುವುದಕ್ಕೆ ಅಷ್ಟೇನೂ ಇಂಪಾದುದಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರ ಹೆಸರನ್ನು ಭವಿಷ್ಯ ನಿಧಿಯಲ್ಲಿ, ಎಂದರೆ ಎಲ್ಲರ ಬಾಯಲ್ಲಿರುವ ಪಿ.ಎಫ್.ನಲ್ಲಿ, ದಾಖಲು ಮಾಡಿಸುವುದೇ ಆ ವಿಷಯ. ಶಾಲೆಯ ಸಭೆಗೂ ಪಿ.ಎಫ್.ಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವಿದೆ, ಅದನ್ನು ತೋರಿಸಿಕೊಡುವುದೇ ನಮ್ಮ ಉದ್ದೇಶ.

ಮೊದಲಿಗೆ ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇವೆ. ನಮ್ಮ ಕಡೆಯ ಒಬ್ಬ ಹೆಣ್ಣುಮಗಳು. ಆಕೆಯ ನಿಜವಾದ ಹೆಸರು ಬೇಡ, ಮಾದಮ್ಮ ಎಂದಿಟ್ಟುಕೊಳ್ಳೋಣ. ಮಾದಪ್ಪನ ಹೆಸರಿಟ್ಟುಕೊಂಡವರಿಗೆ ನಮ್ಮಲ್ಲಿ ಕೊರತೆಯೇ? ಆಕೆ ಇಲ್ಲಿಯ ಶಾಲೆಯೊಂದರಲ್ಲಿ ನಾಲ್ಕನೆಯ ತರಗತಿಯವರೆಗೆ ಕನ್ನಡ ಓದಿದವರು. ಮಳೆ ಕೈಕೊಟ್ಟ ಕಾಲದಲ್ಲಿ ಗಂಡನೊಡನೆ ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಇಳಿದು ಬಯಲಿಗೆ ಹೋದರು. ಅಲ್ಲಿ ಒಂದು ಗಿರಣಿಯಲ್ಲಿ ಆರು ವರ್ಷ ದುಡಿದರು. ಊರಿಗೆ ಬಂದು ಅತ್ತೆಯ ಕಾಯಿಲೆಯನ್ನು ನೋಡಿಕೊಂಡು, ಮತ್ತೆ ಹೋಗಿ ಇನ್ನೊಂದು ಕಡೆ ಐದು ವರ್ಷ ದುಡಿದರು. ಎರಡು ಕಡೆಯೂ ಸಂಬಳದಲ್ಲಿ ಪಿ.ಎಫ್. ಹಿಡಿದಿದ್ದರು. ಐವತ್ತೆಂಟು ತುಂಬಿದ ಮೇಲೆ ಪಿಂಚಣಿ ಕೇಳಲು ಹೋದಾಗ ಸಿಕ್ಕ ಉತ್ತರ ಇದು: ‘ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ನಿಮ್ಮದು ಒಂದು ಲೆಕ್ಕದಲ್ಲಿ ಆರು, ಇನ್ನೊಂದರಲ್ಲಿ ಐದು.’

ಆರೂ ಐದೂ ಕೂಡಿದರೆ ಹನ್ನೊಂದಾಗುವುದೆಂದು ನಾಲ್ಕನೆಯ ತರಗತಿ ಓದಿದ ಆಕೆಗೆ ತಿಳಿಯದೇ? ಆದರೆ ಕೂಡಲಾಗದಂತೆ ನಡುವೆ ಎರಡು ಅಡ್ಡಿಗಳಿದ್ದವು. ಒಂದು ಕಡೆ ‘ಮಾತಮ್ಮಾಳ್’ ಎಂದು ಬರೆದಿದ್ದರು, ಇನ್ನೊಂದು ಕಡೆ ‘ಮಾದಮ್ಮ’ ಎಂದು. ಒಂದು ಕಡೆಯ ಜನ್ಮವರ್ಷಕ್ಕೂ ಮತ್ತೊಂದು ಕಡೆಯದಕ್ಕೂ ಎರಡು ವರ್ಷದ ಅಂತರ. ಕಾಗದದ ಕಣ್ಣಿಗೆ ಅವರು ಇಬ್ಬರು ಹೆಂಗಸರು. ಇಬ್ಬರಿಗೂ ಪಿಂಚಣಿಯ ಅರ್ಹತೆಯಿಲ್ಲ.

ಈ ಗಂಟನ್ನು ಬಿಡಿಸಿದ್ದು ಏನೆಂದು ಬಲ್ಲಿರಾ? ಆಕೆ ಓದಿದ ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರು. ಅಂಚು ಹರಿದ ಆ ಪುಸ್ತಕದಲ್ಲಿ ಅಂದಿನ ಹೆಡ್‌ಮಾಸ್ತರರು ಹೆಸರು, ತಂದೆಯ ಹೆಸರು, ಊರು, ಜನ್ಮದಿನಾಂಕ ಇವನ್ನು ದುಂಡಾದ ಅಕ್ಷರಗಳಲ್ಲಿ ಬರೆದಿದ್ದರು. ಅದರ ಆಧಾರದ ಮೇಲೆ ಪ್ರಮಾಣಪತ್ರ ಪಡೆದು, ವರ್ಷಕ್ಕೂ ಮಿಕ್ಕಿ ಅಲೆದು, ಎರಡು ಲೆಕ್ಕಗಳನ್ನು ಒಂದುಮಾಡಿಸಲಾಯಿತು. ಇಂದು ಆಕೆಗೆ ತಿಂಗಳಿಗೆ ಸಾವಿರ ರೂಪಾಯಿ ಬರುತ್ತಿದೆ. ಸಾವಿರ ರೂಪಾಯಿ ದೊಡ್ಡ ಹಣವಲ್ಲವೆಂದು ಹೇಳುವವರು ಹೇಳಲಿ. ಮಗನ ಮುಂದೆ ಕೈಯೊಡ್ಡದೆ ಔಷಧಿ ಕೊಳ್ಳುವುದಕ್ಕೆ ಅದು ಸಾಕೆಂದು ಆಕೆಯೇ ನಮಗೆ ಹೇಳಿದರು.

ಈ ಏರ್ಪಾಡಿನ ಪೂರ್ವೋತ್ತರವನ್ನು ಸ್ವಲ್ಪ ತಿಳಿಯೋಣ. ದುಡಿಯುವಾಗಲೇ ಮುಪ್ಪಿಗೆ ಕೂಡಿಡುವುದು ಕಾಯಿದೆಯ ಮೂಲಕ ನಡೆಯಬೇಕೆಂಬ ಭಾವನೆ ಹಳೆಯದೇ. ಜರ್ಮನಿಯಲ್ಲಿ ವೃದ್ಧಾಪ್ಯ ವಿಮೆಯ ಶಾಸನ ೧೮೮೯ರಲ್ಲಿ ಅಂಗೀಕೃತವಾಗಿ ೧೮೯೧ರ ಜನವರಿ ೧ರಂದು ಜಾರಿಗೆ ಬಂದಿತು. ಅದೇ ೧೮೯೧ರಲ್ಲಿ ನಮ್ಮ ನೆರೆಯ ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ಸರ್ಕಾರಿ ವಿಮೆಯನ್ನು ಆರಂಭಿಸಿತು. ಆದರೆ ಅದು ಅರಮನೆಯ ಸಂಬಳ ಉಣ್ಣುವವರ ಮಾತು. ಗಿರಣಿಯ ಕೂಲಿಯವನ ಸರದಿ ಬರಲು ಅರುವತ್ತು ವರ್ಷ ಬೇಕಾಯಿತು. ೧೯೫೧ರ ನವೆಂಬರ್ ೧೫ರಂದು ಭವಿಷ್ಯ ನಿಧಿಯ ಸುಗ್ರೀವಾಜ್ಞೆ ಹೊರಟಿತು. ೧೯೫೨ರಲ್ಲಿ ಅದು ಕಾಯಿದೆಯಾಯಿತು. ಆ ವರ್ಷದ ನವೆಂಬರ್ ೧ರಿಂದ ಯೋಜನೆ ನಡೆಯತೊಡಗಿತು. ಮೊದಲು ಸಿಮೆಂಟು, ಸಿಗರೇಟು, ಯಂತ್ರೋಪಕರಣ, ಕಬ್ಬಿಣ ಮತ್ತು ಉಕ್ಕು, ಕಾಗದ, ಜವಳಿ ಎಂಬ ಆರು ಉದ್ದಿಮೆಗಳಿಗೆ ಮಾತ್ರ ಅದು ಅನ್ವಯಿಸಿತು. ಶಿಕ್ಷಣ ಸಂಸ್ಥೆಗಳು ಇದರೊಳಗೆ ಬಂದದ್ದು ೧೯೮೨ರಲ್ಲಿ.

ಆರಂಭದಲ್ಲಿ ವಂತಿಗೆ ಶೇಕಡಾ ಆರೂಕಾಲು, ಎಂದರೆ ಸರಿಯಾಗಿ ರೂಪಾಯಿಗೆ ಒಂದಾಣೆ. ನೌಕರನದು ಒಂದಾಣೆ, ಯಜಮಾನನದು ಒಂದಾಣೆ. ಇಂದು ಸಾಮಾನ್ಯವಾಗಿ ಶೇಕಡಾ ಹನ್ನೆರಡು. ೧೯೯೫ರ ನವೆಂಬರ್ ೧೬ರಿಂದ ಯಜಮಾನನ ಪಾಲಿನಲ್ಲಿ ಶೇಕಡಾ ೮.೩೩ರಷ್ಟು ಭಾಗ ಪಿಂಚಣಿ ಯೋಜನೆಗೆ ಹೋಗುತ್ತದೆ. ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ ೧೨,೦೦೦ ರೂಪಾಯಿ ವೇತನವಿದ್ದವನ ಪಾಲು ೧,೪೪೦. ಯಜಮಾನನದೂ ೧,೪೪೦; ಅದರಲ್ಲಿ ಸುಮಾರು ೧,೦೦೦ ಪಿಂಚಣಿಗೆ, ಉಳಿದದ್ದು ನೌಕರನ ಖಾತೆಗೆ. ಪಿಂಚಣಿಯನ್ನು ಎಣಿಸುವ ಕ್ರಮವೂ ಸುಲಭ: ಕೊನೆಯ ಅರುವತ್ತು ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸುವುದು. ಹದಿನಾಲ್ಕು ವರ್ಷ ಸೇವೆ ಮಾಡಿ ೧೨,೦೦೦ ವೇತನದಲ್ಲಿ ನಿವೃತ್ತನಾದವನಿಗೆ ತಿಂಗಳಿಗೆ ೨,೪೦೦ ರೂಪಾಯಿ.

ಇಲ್ಲೊಂದು ಸೂಕ್ಷ್ಮವನ್ನು ತಾವು ಗಮನಿಸಬೇಕು. ಆ ಹದಿನಾಲ್ಕು ವರ್ಷಗಳಲ್ಲಿ ಯಜಮಾನನು ಮೊದಲ ಏಳು ವರ್ಷ ಹೆಸರು ದಾಖಲಿಸದೆ ‘ಆಮೇಲೆ ನೋಡೋಣ’ ಎಂದು ತಳ್ಳಿದನೆನ್ನೋಣ. ಆಗ ಪಿಂಚಣಿ ಎಷ್ಟು? ಅರ್ಧ, ೧,೨೦೦ ಎಂದು ತಾವು ಹೇಳುವಿರಿ. ಅಲ್ಲ, ತಿಂಗಳ ಪಿಂಚಣಿಯೇ ಇಲ್ಲ. ದಾಖಲಾದ ಸೇವೆ ಹತ್ತು ವರ್ಷ ಮುಟ್ಟಲಿಲ್ಲ. ಒಂದಿಷ್ಟು ಗಂಟು ಕೊಟ್ಟು ಕಳುಹಿಸುತ್ತಾರೆ, ಅಷ್ಟೆ. ಅರ್ಧ ಕಾಲದ ಉದಾಸೀನ ಇಡೀ ಮುಪ್ಪಿನ ಆಸರೆಯನ್ನು ನುಂಗುತ್ತದೆ. ಆದುದರಿಂದಲೇ ಹೆಸರು ಬರೆಯಬೇಕಾದುದು ಆರು ತಿಂಗಳು ನೋಡಿದ ಮೇಲಲ್ಲ, ಕೆಲಸಕ್ಕೆ ಬಂದ ಮೊದಲ ದಿನ.

ಮೊದಲ ದಿನವೆಂದು ಒತ್ತಿ ಹೇಳುವುದಕ್ಕೆ ಇನ್ನೂ ಗಂಭೀರವಾದ ಕಾರಣವಿದೆ. ಸೇವೆಯಲ್ಲಿರುವಾಗ ನೌಕರನು ತೀರಿಕೊಂಡರೆ, ಒಂದೇ ತಿಂಗಳ ವಂತಿಗೆ ಸಂದಿದ್ದರೂ ಅವನ ಹೆಂಡತಿಗೆ ಕುಟುಂಬ ಪಿಂಚಣಿ ಸಲ್ಲುತ್ತದೆ. ೧೯೭೬ರ ವಿಮಾ ಯೋಜನೆಯಂತೆ ಗರಿಷ್ಠ ೭ ಲಕ್ಷ ರೂಪಾಯಿಯವರೆಗೆ ವಿಮೆಯ ಹಣವೂ ದೊರೆಯಬಹುದು. ಅದಕ್ಕೆ ನೌಕರನು ಕಾಸನ್ನೂ ಕಟ್ಟಬೇಕಾಗಿಲ್ಲ. ಆನೆ ಅಡ್ಡಬರುವ ಕಾಡುದಾರಿಯಲ್ಲಿ, ಮಂಜು ಕವಿದ ಘಟ್ಟದಲ್ಲಿ ವಾಹನ ನಡೆಸುವ ಡ್ರೈವರನ ಮನೆಯವರಿಗೆ ಇದರ ಬೆಲೆ ಏನೆಂದು ಬಿಡಿಸಿ ಹೇಳಬೇಕೆ? ಇ.ಎಸ್.ಐ. ಎಂಬ ರಾಜ್ಯ ವಿಮೆಯ ಮಾತೂ ಹೀಗೆಯೇ. ೧೯೪೮ರ ಕಾಯಿದೆಯಿಂದ ಹುಟ್ಟಿ ೧೯೫೨ರ ಫೆಬ್ರವರಿ ೨೪ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾದ ಈ ವಿಮೆಗೆ ೨೦೧೯ರ ಜುಲೈಯಿಂದ ನೌಕರನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಯಜಮಾನನ ಪಾಲು ಮೂರೂಕಾಲು ರೂಪಾಯಿ. ಕೈ ಯಂತ್ರಕ್ಕೆ ಸಿಕ್ಕಿದ ಮೇಲೆ ಹೆಸರು ಬರೆಸಲು ಓಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಹೆಸರು ಬರೆಸುವ ಕ್ರಮವನ್ನು ಈಗ ಹೇಳುತ್ತೇವೆ. ಹೊಸಬರು ಬಂದ ದಿನ ಯಜಮಾನನು ಮೊದಲು ಕೇಳಬೇಕಾದ ಪ್ರಶ್ನೆ: ‘ಹಿಂದೆ ಎಲ್ಲಿಯಾದರೂ ಪಿ.ಎಫ್. ಹಿಡಿದಿದ್ದರೇ?’ ೨೦೧೪ರ ಅಕ್ಟೋಬರಿನಿಂದ ಪ್ರತಿಯೊಬ್ಬ ಸದಸ್ಯನಿಗೂ ಹನ್ನೆರಡು ಅಂಕೆಗಳ ಒಂದೇ ಸಾರ್ವತ್ರಿಕ ಸಂಖ್ಯೆ ಏರ್ಪಟ್ಟಿದೆ. ಕೆಲಸ ಬದಲಾದರೂ ಸಂಖ್ಯೆ ಬದಲಾಗಕೂಡದು. ಹಳೆಯ ಸಂಖ್ಯೆಯಿದ್ದರೆ ಅದನ್ನೇ ಕೊಡಬೇಕು. ಮುಚ್ಚಿಟ್ಟು ಹೊಸದನ್ನು ಪಡೆದರೆ ಮಾದಮ್ಮನವರ ಕಥೆಯೇ ಮರುಕಳಿಸೀತು. ಹಿಂದಿನ ಸದಸ್ಯತ್ವವನ್ನು ತಿಳಿಸುವ ಘೋಷಣೆಯ ನಮೂನೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಮೊಬೈಲ್ ಸಂಖ್ಯೆ ಇವು ಬೇಕು. ತಾನಿಲ್ಲವಾದರೆ ಹಣ ಯಾರಿಗೆ ಸೇರಬೇಕೆಂಬ ನಾಮನಿರ್ದೇಶನವನ್ನು ಅಂದೇ ಮಾಡಿಸಬೇಕು. ೨೦೨೫ರ ಆಗಸ್ಟ್ ೧ರಿಂದ ಹೊಸ ಸಂಖ್ಯೆ ಪಡೆಯುವುದಕ್ಕೆ ಉಮಂಗ್ ಎಂಬ ಮೊಬೈಲ್ ಸೌಕರ್ಯದಲ್ಲಿ ಮುಖವನ್ನು ತೋರಿಸಿ ಗುರುತು ದೃಢಪಡಿಸುವ ಕ್ರಮವನ್ನು ತಂದಿದ್ದಾರೆ. ನಮ್ಮ ಬೆಟ್ಟದ ಎಷ್ಟೋ ಹಳ್ಳಿಗಳಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದೇ ದುರ್ಲಭ. ಆದುದರಿಂದ ಇದನ್ನು ನೌಕರನ ತಲೆಗೆ ಕಟ್ಟದೆ ಸಂಸ್ಥೆಯವರೇ ಕರೆದುಕೊಂಡುಹೋಗಿ ಮಾಡಿಸುವುದು ಉಚಿತ. ಆಮೇಲೆ ಪ್ರತಿ ತಿಂಗಳ ವಂತಿಗೆಯನ್ನು ಮರುತಿಂಗಳ ೧೫ರೊಳಗೆ ಕಟ್ಟಬೇಕು.

ಇನ್ನು ಹೆಸರಿನ ಮಾತು. ನಮ್ಮ ನೆಲದಲ್ಲಿ ಇದು ಬಹಳ ತೊಡಕಿನದು. ಮನೆಯಲ್ಲಿ ನಾವು ಕನ್ನಡಿಗರು, ರೇಷನ್ ಕಾರ್ಡಿನಲ್ಲಿ ನಮ್ಮ ಹೆಸರು ತಮಿಳಿನಲ್ಲಿ, ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿ. ತಮಿಳು ಲಿಪಿಯಲ್ಲಿ ಕ-ಗಗಳಿಗೆ ಒಂದೇ ಅಕ್ಷರ, ತ-ದಗಳಿಗೆ ಒಂದೇ, ಪ-ಬಗಳಿಗೆ ಒಂದೇ. ಇದು ಆ ಲಿಪಿಯ ದೋಷವಲ್ಲ. ಆ ನುಡಿಗೆ ಅದು ಸಾಕು. ಆದರೆ ನಮ್ಮ ಬಸವಣ್ಣ ಅಲ್ಲಿಂದ ಇಂಗ್ಲಿಷಿಗೆ ದಾಟುವಾಗ ಪಸವಣ್ಣನಾಗಬಹುದು, ಮಾದಪ್ಪ ಮಾತಪ್ಪನಾಗಬಹುದು. ಊರಿನ ಅಕ್ಷರ, ತಂದೆಯ ಅಕ್ಷರ ಇವು ಒಂದು ಕಾಗದದಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ತಾಳವಾಡಿಯೆಂಬ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಾಗಿ ಬರೆಯುತ್ತಿರುವಾಗ ಮನುಷ್ಯರ ಹೆಸರಿನ ಪಾಡೇನು? ನಮ್ಮ ಗಾಜನೂರಿನ ಮುತ್ತುರಾಜರು ೧೯೫೪ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದೊಡನೆ ರಾಜಕುಮಾರರಾದುದು ನಾಡಿಗೆಲ್ಲ ತಿಳಿಯಿತು. ಬಡ ನೌಕರನ ಹೆಸರು ಬದಲಾದರೆ ಯಾರಿಗೂ ತಿಳಿಯುವುದಿಲ್ಲ. ಐವತ್ತೆಂಟನೆಯ ವರ್ಷದಲ್ಲಿ ಅವನಿಗೊಬ್ಬನಿಗೆ ತಿಳಿಯುತ್ತದೆ. ಆದುದರಿಂದ ಹೆಸರನ್ನು ಬಾಯಿಮಾತಿನಿಂದ ಕೇಳಿ ಬರೆಯದೆ, ಆಧಾರಿನಲ್ಲಿರುವುದನ್ನು ಅಕ್ಷರ ಅಕ್ಷರವಾಗಿ ನೋಡಿ ಬರೆಯಬೇಕು. ಆಧಾರಿನಲ್ಲೇ ತಪ್ಪಿದ್ದರೆ ಮೊದಲು ಅದನ್ನು ತಿದ್ದಿಸಬೇಕು.

ಜನ್ಮದಿನಾಂಕದ ವಿಷಯದಲ್ಲಂತೂ ಅಧ್ಯಾಪಕ ಬಂಧುಗಳೊಡನೆ ನೇರವಾಗಿಯೇ ಮಾತನಾಡಬೇಕಾಗಿದೆ. ಮಗುವನ್ನು ಶಾಲೆಗೆ ಸೇರಿಸಲು ಬಂದ ತಾಯಿ ‘ರಾಗಿ ಕೊಯ್ಲಿನ ಹೊತ್ತಿಗೆ ಹುಟ್ಟಿತು’ ಎಂದರೆ ಹಿಂದಿನ ಕಾಲದ ಮೇಷ್ಟ್ರು ಏನು ಮಾಡುತ್ತಿದ್ದರು? ‘ಜೂನ್ ೧’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಆ ತಲೆಮಾರಿನವರಲ್ಲಿ ಜೂನ್ ೧ರಂದು ಹುಟ್ಟಿದವರು ಎಷ್ಟು ಮಂದಿಯೆಂದು ಈ ಸಭೆಯಲ್ಲಿ ಕೈಯೆತ್ತಿಸಿದರೆ ಗೊತ್ತಾದೀತು. ಅಂದು ಅದು ನಗುವ ಮಾತಾಗಿತ್ತು. ಇಂದು ಹಾಗಲ್ಲ. ೨೦೨೪ರ ಜನವರಿಯಲ್ಲಿ ಭವಿಷ್ಯ ನಿಧಿಯವರು ಜನ್ಮದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರನ್ನು ಕೈಬಿಟ್ಟರು. ಜನನ ಪ್ರಮಾಣಪತ್ರವೂ ಶಾಲೆಯ ಪ್ರಮಾಣಪತ್ರವೂ ಉಳಿದವು. ಎಂದರೆ, ಐದು ವರ್ಷದ ಕೂಸಿನ ಎದುರಿಗೆ ಕುಳಿತು ಅಧ್ಯಾಪಕರು ಬರೆಯುವ ಒಂದು ಸಾಲು, ಐವತ್ತು ವರ್ಷ ಕಳೆದ ಮೇಲೆ ಅದರ ಪಿಂಚಣಿಯನ್ನು ನಿರ್ಧರಿಸುತ್ತದೆ. ನಮ್ಮ ದಾಖಲಾತಿ ರಿಜಿಸ್ಟರೇ ನೌಕರನ ನೋಂದಣಿಯ ಮೊದಲ ಪುಟ. ಶಾಲೆಯ ಸಭೆಗೂ ಪಿ.ಎಫ್.ಗೂ ಇರುವ ಸಂಬಂಧ ಇದೇ.

ಗಡಿಯ ವಿಚಾರವಾಗಿ ಒಂದು ಮಾತು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ನಾವು ಇತ್ತ ಉಳಿದೆವು. ಅಂದಿನಿಂದ ನಮ್ಮವರ ದುಡಿಮೆ ಎರಡು ದಿಕ್ಕಿಗೆ ಹಂಚಿಹೋಗಿದೆ. ಕೆಲವರು ಘಟ್ಟವಿಳಿದು ತಿರುಪ್ಪೂರು, ಕೊಯಮತ್ತೂರುಗಳ ಕಡೆಗೆ, ಕೆಲವರು ಚಾಮರಾಜನಗರ, ಮೈಸೂರು, ಬೆಂಗಳೂರುಗಳ ಕಡೆಗೆ. ರಾಜ್ಯಗಳ ಕಲ್ಯಾಣ ಮಂಡಳಿಗಳ ಸೌಲಭ್ಯ ಆಯಾ ರಾಜ್ಯದ ಗಡಿಯೊಳಗಿನದು. ಆದರೆ ಸರಿಯಾಗಿ ಅದಕ್ಕೆ ನಾಲ್ಕು ವರ್ಷ ಮೊದಲು, ಅದೇ ನವೆಂಬರ್ ೧ರಂದು ಜಾರಿಗೆ ಬಂದ ಭವಿಷ್ಯ ನಿಧಿಗೆ ಈ ಗೆರೆ ಲೆಕ್ಕಕ್ಕಿಲ್ಲ. ತಿರುಪ್ಪೂರಿನ ನಾಲ್ಕು ವರ್ಷವೂ ಮೈಸೂರಿನ ಏಳು ವರ್ಷವೂ ಒಂದೇ ಸಂಖ್ಯೆಯಡಿಯಲ್ಲಿ ಕೂಡುತ್ತವೆ. ಗಡಿನಾಡಿನವರಾದ ನಮಗೆ ಇದಕ್ಕಿಂತ ಒಪ್ಪುವ ಏರ್ಪಾಡು ಯಾವುದು?

‘ಹಿಡಿದ ಹಣ ನಮ್ಮ ಕೈಗೆ ಬರುವುದೆಂಬ ನಂಬಿಕೆಯೇನು?’ ಎಂದು ನೌಕರರು ಕೇಳುವುದುಂಟು. ಅವರ ಶಂಕೆಯನ್ನು ನಾವು ಹಗುರವಾಗಿ ಕಾಣಬಾರದು. ೨೦೧೬ರ ಫೆಬ್ರವರಿಯಲ್ಲಿ, ಯಜಮಾನನ ಪಾಲಿನ ಹಣವನ್ನು ಐವತ್ತೆಂಟು ವರ್ಷಕ್ಕೆ ಮುಂಚೆ ತೆಗೆಯಕೂಡದೆಂಬ ನಿಯಮ ಹೊರಟಾಗ, ಏಪ್ರಿಲ್ ೧೮ ಮತ್ತು ೧೯ರಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ಸಹಸ್ರ ಸಂಖ್ಯೆಯಲ್ಲಿ ಬೀದಿಗಿಳಿದರು. ಯಾವ ದೊಡ್ಡ ಮುಖಂಡರೂ ಅವರನ್ನು ಕರೆತಂದಿರಲಿಲ್ಲ. ಹತ್ತೊಂಬತ್ತರಂದೇ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಅಂದು ಕೆಲವೆಡೆ ನಡೆದ ಹಿಂಸೆಯನ್ನು ನಾವು ಒಪ್ಪುವುದಿಲ್ಲ. ಆದರೂ ಪಿ.ಎಫ್. ಎಂಬುದು ಯಾರ ಕೃಪೆಯೂ ಅಲ್ಲ, ಅದು ದುಡಿದವರ ಸ್ವಂತ ಹಣವೆಂಬುದನ್ನು ಅವರು ಎಲ್ಲರಿಗೂ ನೆನಪುಮಾಡಿಕೊಟ್ಟರೆಂಬುದು ಸತ್ಯ. ಪಾಸ್‌ಬುಕ್ಕಿನಲ್ಲಿ ತಿಂಗಳ ತಿಂಗಳ ಜಮೆಯನ್ನು ನೋಡಿಕೊಳ್ಳುವುದನ್ನು ನೌಕರನಿಗೆ ಕಲಿಸಿಕೊಡುವುದೇ ಶಂಕೆಗೆ ತಕ್ಕ ಪರಿಹಾರ.

ಗಿರಣಿಗೂ ಕಾರ್ಖಾನೆಗೂ ಹೋಗದವರ ಗತಿಯೇನು? ನಮ್ಮಲ್ಲಿ ಹೆಚ್ಚು ಮಂದಿ ಅವರೇ: ಕೋಸು, ಆಲೂಗಡ್ಡೆ, ಅರಿಸಿನದ ಹೊಲಗಳ ಕೂಲಿಯವರು, ಕಾಡಿನ ಕಿರುಉತ್ಪನ್ನಗಳನ್ನು ನಂಬಿದ ಸೋಲಿಗರು, ಮನೆಗೆಲಸದವರು. ಇದು ನಮ್ಮ ದೇಶದೊಂದರ ಲೋಪವಲ್ಲ. ಅಮೆರಿಕದಲ್ಲಿ ೧೯೩೫ರಲ್ಲಿ ಸಾಮಾಜಿಕ ಭದ್ರತೆಯ ಶಾಸನವಾಗಿ, ೧೯೩೬ರ ನವೆಂಬರಿನಲ್ಲಿ ಅಂಚೆ ಕಚೇರಿಗಳ ಮೂಲಕ ಕಾರ್ಮಿಕರ ಹೆಸರು ಬರೆಸಿಕೊಂಡು ಸಂಖ್ಯೆಗಳನ್ನು ಕೊಡಲಾರಂಭಿಸಿದಾಗ, ಅಲ್ಲಿಯೂ ಹೊಲದ ಕೂಲಿಯವರನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿದ್ದರು. ಅವರನ್ನು ಒಳಗೆ ಸೇರಿಸಿಕೊಳ್ಳತೊಡಗಿದ್ದು ೧೯೫೦ರ ಮತ್ತು ೧೯೫೪ರ ತಿದ್ದುಪಡಿಗಳಿಂದ. ನಮ್ಮಲ್ಲಿ ೨೦೨೧ರ ಆಗಸ್ಟ್ ೨೬ರಂದು ಅಸಂಘಟಿತ ಕಾರ್ಮಿಕರಿಗಾಗಿ ಇ-ಶ್ರಮ್ ನೋಂದಣಿ ಆರಂಭವಾಯಿತು. ೧೬ರಿಂದ ೫೯ ವರ್ಷದವರು ಹೆಸರು ಬರೆಸಬಹುದು. ಅದು ಪಿ.ಎಫ್.ಗೆ ಸಮನಲ್ಲ, ಯಜಮಾನನ ಪಾಲೂ ಇಲ್ಲ, ಪಿಂಚಣಿಯೂ ತಾನಾಗಿ ಬಾರದು. ಆದರೂ ದುಡಿಯುವವನೊಬ್ಬನಿದ್ದಾನೆಂದು ಸರ್ಕಾರದ ಪುಸ್ತಕದಲ್ಲಿ ಬರೆಯಿಸುವುದೇ ಮೊದಲ ಮೆಟ್ಟಿಲು. ಹದಿನೆಂಟರಿಂದ ನಲವತ್ತರೊಳಗಿನವರಿಗೆ ೨೦೧೫ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಯೂ ಇದೆ.

ಈಗ ನಮ್ಮ ಮನೆಯ ಬಾಗಿಲಿಗೇ ಬರುತ್ತೇವೆ. ಪರರ ಹುಳುಕನ್ನು ಎಣಿಸಿ ನಮ್ಮದನ್ನು ಮರೆಮಾಡುವುದು ಸಭಾಮರ್ಯಾದೆಯಲ್ಲ. ಶಾಲೆಯ ಆಯಾ, ಕಾವಲುಗಾರ, ವ್ಯಾನಿನ ಡ್ರೈವರ್, ಸಂಘವೇ ಸಂಬಳ ಕೊಡುವ ತಾತ್ಕಾಲಿಕ ಅಧ್ಯಾಪಕಿಯರು ಇವರ ಹೆಸರು ಭವಿಷ್ಯ ನಿಧಿಯಲ್ಲಿಲ್ಲ. ‘ಇಪ್ಪತ್ತು ಮಂದಿ ಇದ್ದರೆ ತಾನೇ ಕಾಯಿದೆ? ನಾವು ಅಷ್ಟಿಲ್ಲವಲ್ಲ’ ಎಂದು ನಾವು ಸಮಾಧಾನ ಹೇಳಿಕೊಂಡು ಬಂದೆವು. ಹೀಗೆ ಹೇಳುತ್ತಲೇ ಒಬ್ಬ ಆಯಾ ಒಂಬತ್ತು ವರ್ಷ ನಮ್ಮ ಮಕ್ಕಳ ಮೂಗೊರೆಸಿ, ಬೀಳ್ಕೊಡುಗೆಯಲ್ಲಿ ಒಂದು ಸೀರೆಯನ್ನೂ ಹೂವಿನ ಹಾರವನ್ನೂ ಪಡೆದು ಮನೆಗೆ ಹೋದರು. ಹಾರ ಮರುದಿನ ಬಾಡಿತು. ಆಕೆಗೆ ನಾವು ಕೊಡಬೇಕಾಗಿದ್ದುದು ಬೇರೆಯೇ ಇತ್ತು. ಕಾಯಿದೆ ನಮ್ಮನ್ನು ಕೇಳಲಿಲ್ಲ, ನಿಜ. ಧರ್ಮ ಕೇಳಿತು, ನಾವು ಕೇಳಿಸಿಕೊಳ್ಳಲಿಲ್ಲ.

ಇಪ್ಪತ್ತಕ್ಕೆ ಕಡಮೆ ನೌಕರರಿರುವ ಸಂಸ್ಥೆಯೂ, ಯಜಮಾನನೂ ಹೆಚ್ಚಿನ ನೌಕರರೂ ಒಪ್ಪಿದರೆ, ಸ್ವಇಚ್ಛೆಯಿಂದ ನಿಧಿಗೆ ಸೇರಬಹುದು. ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಬಾಗಿಲು ತೆರೆದೇ ಇದೆ. ಆದುದರಿಂದ ಸಭೆಯ ಮುಂದೆ ಮೂರು ಸಲಹೆಗಳನ್ನು ವಿನಯದಿಂದ ಇಡುತ್ತೇವೆ. ಒಂದು, ಸಂಘವು ಸ್ವಇಚ್ಛೆಯಿಂದ ಭವಿಷ್ಯ ನಿಧಿಗೆ ಸೇರಿ, ಇನ್ನು ಮುಂದೆ ಬರುವ ಪ್ರತಿಯೊಬ್ಬರಿಗೂ ನೇಮಕದ ಪತ್ರ ಕೊಟ್ಟು ಮೊದಲ ದಿನವೇ ಹೆಸರು ದಾಖಲಿಸುವುದು. ಎರಡು, ಹಳೆಯ ದಾಖಲಾತಿ ರಿಜಿಸ್ಟರುಗಳಿಗೆ ರಟ್ಟು ಕಟ್ಟಿಸಿ, ಪುಟಪುಟಕ್ಕೂ ಛಾಯಾಪ್ರತಿ ತೆಗೆಸಿ ಕಾಪಾಡುವುದು; ಹೊಸ ಮಗುವಿನ ಹೆಸರನ್ನು ಜನನ ಪ್ರಮಾಣಪತ್ರ ನೋಡಿ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಒಮ್ಮೆಗೇ ಬರೆದು ತಂದೆತಾಯಿಗಳಿಗೆ ಓದಿ ಹೇಳುವುದು. ಮೂರು, ತಿಂಗಳಿಗೊಂದು ಭಾನುವಾರ ಶಾಲೆಯಲ್ಲಿ ಕುಳಿತು, ಹಳೆಯ ವಿದ್ಯಾರ್ಥಿಗಳ ಕಾಗದಗಳಲ್ಲಿ ಹೆಸರಿನ ವ್ಯತ್ಯಾಸಗಳನ್ನು ತಿದ್ದಿಸಲು ನೆರವಾಗುವುದು.

ಮೊದಲನೆಯದಕ್ಕೆ ಹಣ ಬೇಕೆಂಬುದನ್ನು ನಾವು ಬಲ್ಲೆವು. ಹನ್ನೆರಡು ಸಾವಿರದ ಸಂಬಳಕ್ಕೆ ನಮ್ಮ ಪಾಲು ತಿಂಗಳಿಗೆ ಒಂದೂವರೆ ಸಾವಿರದ ಆಸುಪಾಸು ಆಗುತ್ತದೆ. ವಾರ್ಷಿಕೋತ್ಸವದ ಪೆಂಡಾಲು, ಹಾರ ತುರಾಯಿಗಳಲ್ಲಿ ಕೈ ಸ್ವಲ್ಪ ಹಿಡಿದರೆ ಆ ಹಣ ದೊರೆಯದಿರದು. ಆ ಹಳೆಯ ಹೆಡ್‌ಮಾಸ್ತರರು ಪಿಂಚಣಿಯನ್ನು ನೆನೆದು ಬರೆದವರಲ್ಲ. ಬರೆಯುವುದನ್ನು ಸರಿಯಾಗಿ ಬರೆಯಬೇಕೆಂದು ಬರೆದರು. ಅದರ ಫಲ ಐವತ್ತು ವರ್ಷದ ಮೇಲೆ ಒಬ್ಬ ತಾಯಿಯ ಕೈಗೆ ಬಂದಿತು. ಸಭೆಯು ಈ ಮೂರು ಸಲಹೆಗಳನ್ನು ಇಂದೇ ಅಂಗೀಕರಿಸಬೇಕೆಂದು ಬಿನ್ನವಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.